ಟಿಕ್ ಅನ್ನದ ಡಿಸ್ಕು

"ಇದು ನಮ್ಮಪ್ಪನ ಡಿಸ್ಕಲ್ಲ" ಎಂದಳು ಲೋಸೆನಾ.

ಠಾಣೆಯ ಮೇಜಿನ ಮೇಲೆ ಅವಳು ಇಟ್ಟದ್ದು ಇಸ್ಪೀಟಿನ ಕಟ್ಟಿನಷ್ಟು ಅಗಲದ ಚಪ್ಪಟೆ ಲೋಹದ ತುಂಡು. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು. ನಾನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನನ್ನ ಕಣ್ಣಿಗೆ ಎಲ್ಲ ಡಿಸ್ಕುಗಳೂ ಒಂದೇ. ಆದರೂ ತಲೆಯಾಡಿಸಿದೆ. ಸಮವಸ್ತ್ರ ಹಾಕಿಕೊಂಡವನು ಏನೂ ತಿಳಿಯದಿದ್ದಾಗ ಮಾಡಬೇಕಾದ ಕೆಲಸವೇ ಅದು.

ನಾನು ಕಾನ್‌ಸ್ಟೇಬಲ್ ಅಪ್ಪಲಸಾಮಿ. ನಮ್ಮ ಊರು ಸಾವುಸಾವು, ದ್ವೀಪದ ಕಡಲತಡಿಯ ಸಣ್ಣ ಪೇಟೆ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಇಲ್ಲಿ ಕೊಲೆ ನಡೆಯುವುದಿಲ್ಲ. ಕೊಲೆ ಮಾಡಲು ಬೇಕಾದಷ್ಟು ಹುರುಪು ಇಲ್ಲಿ ಯಾರಿಗೂ ಇಲ್ಲ. ಕೋಳಿ ಕಳವು, ದೋಣಿಯ ಎಂಜಿನ್ ಕಳವು, ಶನಿವಾರದ ಹೊಡೆದಾಟ, ಅಷ್ಟೇ. ಡಿಸ್ಕು ಕಳವು ಇದೇ ಮೊದಲು.

ಸಾರ್ಜೆಂಟ್ ಅಕನಿಸಿ ಒಳಗಿನಿಂದ ಬಂದರು. ಐವತ್ತು ದಾಟಿದ ದಪ್ಪ ಹೆಂಗಸು. ಎದುರಿಗೆ ಬಂದವರೆಲ್ಲ ಕತ್ತೆಗಳು ಎಂದು ಮೊದಲೇ ತೀರ್ಮಾನ ಮಾಡಿ, ಯಾವ ಬಗೆಯ ಕತ್ತೆ ಎಂದು ಆಮೇಲೆ ತನಿಖೆ ಮಾಡುವುದು ಅವರ ಕ್ರಮ. ಈ ಕ್ರಮದಲ್ಲಿ ಅವರು ಇಲ್ಲಿಯವರೆಗೆ ತಪ್ಪಿಲ್ಲ.

ಲೋಸೆನಾ ನಾಮುಲೋ ಹಳ್ಳಿಯ ಶಾಲೆಯ ಟೀಚರ್. ಅವಳ ತಂದೆ ಎರೋನಿ ಕುಣಿತದ ಹಾಡು ಕಟ್ಟುವವನು. ಸುತ್ತಲಿನ ಎಷ್ಟೋ ಊರುಗಳ ಮದುವೆ, ಸಾವು, ಸ್ವಾಗತಗಳಿಗೆ ಹಾಡು ಕೊಟ್ಟವನು. ಮೂರು ತಿಂಗಳ ಹಿಂದೆ ತೀರಿಕೊಂಡ. ಸಾಯುವ ಮುಂಚೆ ಒಬ್ಬನೇ ಕೂತು, ತನ್ನ ಸೂತಕ ಕಳೆಯುವ ದಿನ ಹಾಡಲೆಂದು ಒಂದು ಹಾಡನ್ನು ಮಗಳ ಲ್ಯಾಪ್‌ಟಾಪಿಗೆ ಹಾಡಿಟ್ಟಿದ್ದ. ಯಾರಿಗೂ ಕಲಿಸಿರಲಿಲ್ಲ. ಇವರಲ್ಲಿ ಸೂತಕ ನೂರು ದಿನ. ಆ ದಿನ ಬರುವ ಶನಿವಾರವೇ.

ಲ್ಯಾಪ್‌ಟಾಪು ಈಚೆಗೆ ಒಳಗಿನಿಂದ ಟಿಕ್ ಟಿಕ್ ಎನ್ನತೊಡಗಿತ್ತಂತೆ. ಹಾಡು ಹಾಕಿದರೆ ಮೊದಲ ಸಾಲು ಬಂದು ಅಲ್ಲೇ ನಿಂತಿತು. ಮತ್ತೆ ಮುಟ್ಟಲು ಅವಳಿಗೆ ಭಯವಾಯಿತು. ಪೇಟೆಗೆ ಕಳಿಸಿ, ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿಕೊಡಿ ಎಂದಳು. ಅಂಗಡಿಯವನು ಹೊಸ ಡಿಸ್ಕು ಕೂರಿಸಿಕೊಟ್ಟ. ಅದು ಖಾಲಿ. ಹಳೆಯದು ಸತ್ತಿದೆ, ಏನೂ ಸಿಗಲಿಲ್ಲ ಎಂದು ಈ ತುಂಡನ್ನು ಕೈಗಿಟ್ಟ.

"ನಿಮ್ಮದಲ್ಲ ಅಂತ ಹೇಗೆ ಗೊತ್ತಮ್ಮಾ?" ಎಂದರು ಸಾರ್ಜೆಂಟ್.

"ಅಪ್ಪನ ಡಿಸ್ಕು ಗೂಡಲ್ಲಿ ಸಡಿಲ ಇತ್ತು ಮೇಡಂ. ಅಲುಗಾಡ್ಬಾರ್ದು ಅಂತ ಅಪ್ಪ ತೊಗಟೆಬಟ್ಟೆ ಚೂರಿಗೆ ಗಂಜಿ ಹಚ್ಚಿ ಅದರ ಪಕ್ಕಕ್ಕೆ ಮೆತ್ತಿದ್ರು. ನಾನೇ ಟಾರ್ಚ್ ಹಿಡಿದಿದ್ದೆ. ಇದರಲ್ಲಿ ಬಟ್ಟೆ ಇಲ್ಲ, ಗಂಜಿ ಕಲೆನೂ ಇಲ್ಲ."

ಸಾರ್ಜೆಂಟ್ ಡಿಸ್ಕನ್ನು ಉಗುರಿನಿಂದ ಕೆರೆದು ನೋಡಿದರು. ಹೊಳೆಯುತ್ತಿತ್ತು.

"ಶನಿವಾರ ಹಾಡದಿದ್ರೆ ಏನಾಗುತ್ತೆ?" ಎಂದು ನಾನು ಕೇಳಿದೆ.

"ಊರೆಲ್ಲರ ಹಾಡು ಕಟ್ಟಿದೋನನ್ನ ಬಾಯಿ ಮುಚ್ಚಿಕೊಂಡು ಕಳಿಸಬೇಕಾಗುತ್ತೆ" ಎಂದಳು ಲೋಸೆನಾ.

ಅವಳು ಅಳಲಿಲ್ಲ. ಅಪ್ಪ ಸತ್ತಂದಿನಿಂದ ಅತ್ತಿಲ್ಲ, ನಕ್ಕೂ ಇಲ್ಲ ಎಂದು ಆಮೇಲೆ ಊರಿನವರು ಹೇಳಿದರು.

* * *

ರಾಜನೀಲ್‌ನ ರಿಪೇರಿ ಅಂಗಡಿ ಮಾರ್ಕೆಟ್ಟಿನ ಹಿಂದಿದೆ. ಫೋನು, ಫ್ಯಾನು, ಲ್ಯಾಪ್‌ಟಾಪು, ಸಮುದ್ರಕ್ಕೆ ಬಿದ್ದ ಕ್ಯಾಮೆರಾ, ಎಲ್ಲಕ್ಕೂ ಅವನೇ ವೈದ್ಯ. ಬಂದ ಯಂತ್ರಗಳಲ್ಲಿ ಅರ್ಧ ವಾಪಸು ಹೋಗುವಾಗ ಒಂದೆರಡು ಅಂಗ ಕಡಿಮೆ ಇರುತ್ತವೆ ಎಂಬ ಖ್ಯಾತಿಯೂ ಅವನದೇ. ನನಗೆ ಅಂಗಡಿಯ ಹೊಸ್ತಿಲಲ್ಲೇ ಕೇಸು ಮುಗಿದಂತೆ ಅನ್ನಿಸಿತು.

"ಸಾಮಿ ಅಣ್ಣ, ನನ್ನ ಮೇಲೆ ಅನುಮಾನಾನಾ? ರಾಜಧಾನಿ ಸುವಾದಿಂದೆಲ್ಲ ನನಗೆ ಕೆಲಸ ಬರುತ್ತೆ" ಎಂದು ಶುರು ಮಾಡಿದ.

"ಬಾಯಿ ಮುಚ್ಚು, ಕೇಳಿದ್ದಕ್ಕೆ ಮಾತ್ರ ತೆಗಿ" ಎಂದರು ಸಾರ್ಜೆಂಟ್. "ನಿನ್ನ ಕೈಗೆ ಬಂದಾಗ ಡಿಸ್ಕು ಹೇಗೆ ಸದ್ದು ಮಾಡ್ತಿತ್ತು?"

"ಸದ್ದೇ ಇಲ್ಲ ಮೇಡಂ. ಕಲ್ಲು."

ಅವನು ಆ ಡಿಸ್ಕಿಗೆ ಒಂದು ತಂತಿ ಸಿಕ್ಕಿಸಿ ಕರೆಂಟು ಕೊಟ್ಟ. ನಾವು ಮೂವರೂ ಕಿವಿ ಹಚ್ಚಿದೆವು. ಏನೂ ಇಲ್ಲ. ಒಳಗಿನ ತಟ್ಟೆ ತಿರುಗುತ್ತಲೇ ಇರಲಿಲ್ಲ. ಕೆಡುತ್ತಿರುವ ಡಿಸ್ಕು ಟಿಕ್ ಟಿಕ್ ಎನ್ನುತ್ತದೆ, ಓದಲು ಹೋಗಿ ಎಡವುತ್ತದೆ, ಆದರೆ ತಿರುಗುತ್ತದೆ, ಹಟ ಹಿಡಿದರೆ ಅದರಿಂದ ಎಷ್ಟೋ ಎಳೆದುಕೊಳ್ಳಬಹುದು, ಇದು ಎಂದೋ ಸತ್ತದ್ದು ಎಂದು ರಾಜನೀಲ್ ವಿವರಿಸಿದ. ಮೂರು ದಿನ ತನ್ನ ಮೇಜಿನ ಮೇಲಿದ್ದಾಗ ಬಾರದ ಈ ಜ್ಞಾನ ಪೊಲೀಸರು ಬಂದೊಡನೆ ಬಂದಿತ್ತು.

ಅಂಗಡಿಯ ಮೂಲೆಯಲ್ಲಿ ಹಳೆಯ ಡಿಸ್ಕುಗಳ ಒಂದು ಡಬ್ಬಿ ಇತ್ತು. ನಾನು ನೆಲಕ್ಕೆ ಸುರಿದೆ. ಒಂದೊಂದನ್ನೇ ನೋಡಿದೆ. ತೊಗಟೆಬಟ್ಟೆ ಅಂಟಿದ್ದು ಒಂದೂ ಇರಲಿಲ್ಲ.

"ಲ್ಯಾಪ್‌ಟಾಪ್ ಬಿಚ್ಚುವಾಗ ಏನಾದ್ರೂ ಕಂಡ್ಯಾ?" ಎಂದರು ಸಾರ್ಜೆಂಟ್.

ರಾಜನೀಲ್ ತಲೆ ಕೆರೆದುಕೊಂಡ. "ತಳದ ಸ್ಕ್ರೂ ಎಲ್ಲ ತುಕ್ಕು ಹಿಡಿದಿದ್ವು. ಡಿಸ್ಕಿನ ಗೂಡಿನ ಎರಡು ಸ್ಕ್ರೂ ಮಾತ್ರ ತಲೆ ಕಿತ್ತುಹೋಗಿತ್ತು. ಯಾರೋ ಊಟದ ಚಾಕು ಹಾಕಿ ತಿರುಗಿಸಿದಂಗೆ."

"ನಿನಗಿಂತ ಮುಂಚೆ ಯಾರೋ ಬಿಚ್ಚಿದ್ರು. ಅದನ್ನ ಲೋಸೆನಾಗೆ ಹೇಳಿದ್ಯಾ?"

"ಅವರು ಕೇಳಲಿಲ್ಲ."

ಇಂಥವರನ್ನು ಹೊಡೆಯಬಾರದೆಂದು ಕಾನೂನು ಇದೆ. ಸಾರ್ಜೆಂಟ್ ಕಾನೂನು ಪಾಲಿಸಿದರು. ಲ್ಯಾಪ್‌ಟಾಪು ತಂದುಕೊಟ್ಟವರು ಯಾರು ಎಂದು ಕೇಳಿದ್ದಕ್ಕೆ ಅವನು, ವಾಯ್ತಂಬದ ಇನೋಕೆ ಎಂದ. ಕೊಲ್ಲಿಯಾಚೆಯ ದೊಡ್ಡ ಹೋಟೆಲಿನ ಕುಣಿತದ ತಂಡದ ಯಜಮಾನ. ಹೋಟೆಲಿನ ವ್ಯಾನಿನಲ್ಲಿ ತಂದಿದ್ದನಂತೆ.

* * *

ಮಧ್ಯಾಹ್ನ ಲೋಸೆನಾಳನ್ನೂ ಕರೆದುಕೊಂಡು ನಾಮುಲೋದ ಅವಳ ಮನೆಗೆ ಹೋದೆವು. ಲೋಸೆನಾಳ ತಮ್ಮ ಸೆರು ಚಾಪೆಯ ಮೇಲೆ ಗ್ರಾಗ್ ಬಟ್ಟಲಿನ ಮುಂದೆ ಕೂತಿದ್ದ. ಬೇರು ಹಿಂಡಿದ ಆ ಕೆಸರುನೀರನ್ನು ಕುಡಿದು ಕುಡಿದು ಅವನ ಮೈಚರ್ಮ ಹಲ್ಲಿಯಂತೆ ಸುಲಿದಿತ್ತು. ಲ್ಯಾಪ್‌ಟಾಪನ್ನು ಬಸ್ಸಿಗೆ ಹಾಕಿ ಬಾ ಎಂದು ಅಕ್ಕ ಕೊಟ್ಟದ್ದು ಇವನ ಕೈಗೆ. ಇವನು ಬಸ್ ನಿಲ್ದಾಣದವರೆಗೂ ಹೋಗಲಿಲ್ಲ. ದಾರಿಯಲ್ಲಿ ಯಾರೋ ಬೇರು ಕುಟ್ಟುವ ಸದ್ದು ಕೇಳಿತು, ಅಲ್ಲೇ ಕೂತ. ಬಸ್ಸು ಹೋಯಿತು. ಸಂಜೆ ಇನೋಕೆಯ ವ್ಯಾನು ಬಂದಾಗ ಅವನ ಕೈಗೆ ದಾಟಿಸಿ ಮತ್ತೆ ಕೂತ.

"ಅದರೊಳಗೆ ಏನಿದೆ ಅಂತ ಬಟ್ಟಲಿನ ಸುತ್ತ ಕೂತವರಿಗೆಲ್ಲ ಹೇಳಿದ್ಯಾ?" ಎಂದರು ಸಾರ್ಜೆಂಟ್.

"ಹೇಳ್ದೆ. ಇನೋಕೆಗೂ ಹೇಳ್ದೆ. ಅಪ್ಪನ ಕೊನೇ ಹಾಡು, ಯಾರೂ ಕೇಳಿಲ್ಲ ಅಂದೆ. ಹೆಮ್ಮೆ ಅಲ್ವಾ?"

"ನೀನೂ ಹಾಡು ಕಟ್ತೀಯಂತೆ?"

"ಕಟ್ತೀನಿ. ಯಾರೂ ಹಾಡಲ್ಲ" ಎಂದು ಸೆರು ನೆಲ ನೋಡಿದ.

ನಾನು ಮನಸ್ಸಿನಲ್ಲಿ ರಾಜನೀಲ್‌ನನ್ನು ಬಿಡುಗಡೆ ಮಾಡಿ ಸೆರುವನ್ನು ಒಳಗೆ ಹಾಕಿದೆ. ಅಪ್ಪನ ನೆರಳಲ್ಲಿ ಬೆಳೆದ ಮಗ. ಅಪ್ಪನ ಹಾಡು ಮಾಯವಾದರೆ ಶನಿವಾರ ಇವನದನ್ನೇ ಹಾಡಬೇಕು. ಕಾರಣ ಗಟ್ಟಿಯಾಗಿತ್ತು.

ಅಷ್ಟರಲ್ಲಿ ಒಬ್ಬ ಮುದುಕಿ ಬಾಗಿಲಲ್ಲಿ ಕಾಣಿಸಿದಳು. ಕೇಳದೆ ಒಳಗೆ ಬಂದು ಲೋಸೆನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇನ್ನೂ ಬದುಕಿದ್ದೀಯೇನೇ ಕಾಗೆಮುಖದೋಳೆ? ನಿಮ್ಮಪ್ಪ ಹೋದ್ಮೇಲೆ ಈ ಕಡೆ ಸುಳ್ಳು ಹೇಳೋರೇ ಇಲ್ಲ. ಬೇಜಾರು ಕಣೆ."

ಹೇಳುತ್ತಲೇ ಒಲೆಯ ಮೇಲಿದ್ದ ಕೆಟಲನ್ನು ಎತ್ತಿ, ನೀರು ಹೊರಗೆ ಚೆಲ್ಲಿ, ಕಂಕುಳಿಗೆ ಸಿಕ್ಕಿಸಿಕೊಂಡಳು.

ನನ್ನ ಕಣ್ಣೆದುರೇ ಕಳವು. ನಾನು ಎದ್ದೆ. ಸಾರ್ಜೆಂಟ್ ನನ್ನ ಬೆಲ್ಟು ಹಿಡಿದು ಕೂರಿಸಿದರು.

"ಒಯ್ಯಿ ಮುದುಕಿ" ಎಂದಳು ಲೋಸೆನಾ, ಮುಖ ಸಡಿಲಿಸದೆ. "ನೀರು ಕಾಯಿಸೋದಂತೂ ನಿಮ್ಮೂರಲ್ಲಿ ಯಾರಿಗೂ ಬರಲ್ಲ. ತಲೆಗೆ ಟೋಪಿ ಮಾಡ್ಕೋ."

ಮುದುಕಿ ಸಂತೋಷದಿಂದ ಹೋದಳು. ಅವಳು ಉನಾಯ್ಸಿ, ವಾಯ್ತಂಬದವಳು. ವಾಯ್ತಂಬ ಮತ್ತು ನಾಮುಲೋ ತೌವು ಊರುಗಳು. ಎರಡರ ಮೂಲ ದೇವರುಗಳು ಎಂದೋ ಒಡಹುಟ್ಟಿದವರಂತೆ. ಹಾಗಾಗಿ ಈ ಊರಿನವರು ಆ ಊರಿನವರನ್ನು ಬಾಯಿಗೆ ಬಂದಂತೆ ಬೈಯಬಹುದು, ಮನೆಗೆ ನುಗ್ಗಿ ಕಣ್ಣಿಗೆ ಬಿದ್ದದ್ದನ್ನು ಒಯ್ಯಬಹುದು. ಅವರೂ ಅಷ್ಟೇ. ಯಾರೂ ಸಿಟ್ಟಾಗುವಂತಿಲ್ಲ. ಸಿಟ್ಟಾದವನಿಗೇ ಅವಮಾನ. ಇಂಥ ಊರುಗಳ ನಡುವೆ ಪೊಲೀಸ್ ಕೆಲಸ ಮಾಡುವುದು ಎಷ್ಟು ಸುಖ ಎಂದು ನೀವೇ ಯೋಚಿಸಿ.

ಸ್ವಲ್ಪ ಹೊತ್ತಿಗೆ ಹೋಟೆಲಿನ ವ್ಯಾನು ಬಂತು. ಇನೋಕೆ ಇಳಿದ. ಸೊಂಟಕ್ಕೆ ಇಸ್ತ್ರಿ ಮಾಡಿದ ಸುಲು ಪಂಚೆ, ಘಮಘಮಿಸುವ ಅಂಗಿ, ಕೈಯಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಬಂದು, ಡಬ್ಬಿಯನ್ನು ಎರಡೂ ಕೈಯಲ್ಲಿ ಲೋಸೆನಾಳ ಮುಂದಿಟ್ಟ.

"ಲೋಸೆನಾ ಅವರೇ, ತಾವು ತುಂಬ ನೊಂದಿದ್ದೀರಿ ಅಂತ ಕೇಳಿದೆ. ತಮ್ಮ ತಂದೆಯವರ ಹಾಡು ಹೋಗಿದ್ದು ನಮಗೆಲ್ಲ ನಷ್ಟ. ನನ್ನಿಂದ ಏನಾದರೂ ಆಗೋದಿದ್ದರೆ ತಾವು ಹೇಳಬೇಕು."

ಅಬ್ಬಾ, ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ ಎಂದುಕೊಂಡೆ. ಬೆಳಗಿನಿಂದ ಬಾಯಿಬಡುಕ, ಕುಡುಕ, ಕೆಟಲ್ ಕಳ್ಳಿ ಇವರನ್ನೇ ನೋಡಿದವನಿಗೆ ಅವನ ಮಾತು ತಂಪಾಗಿತ್ತು. ಲ್ಯಾಪ್‌ಟಾಪು ತನ್ನ ಬಳಿ ಒಂದು ರಾತ್ರಿ ಇದ್ದದ್ದನ್ನು ಅವನೇ ಹೇಳಿದ. ಟೈರು ಪಂಕ್ಚರ್ ಆಗಿ ತಡವಾಯಿತು, ಅಂಗಡಿ ಮುಚ್ಚಿತ್ತು, ಹೋಟೆಲಿನಲ್ಲಿ ಬೀಗ ಹಾಕಿಟ್ಟು ಮರುದಿನ ಕೊಟ್ಟೆ ಎಂದ. ಅವನ ತಂಡ ಹೋಟೆಲಿನ ಹೊಸ ಸಭಾಂಗಣದ ಪ್ರಾರಂಭಕ್ಕೆ ತಯಾರಿ ನಡೆಸುತ್ತಿತ್ತಂತೆ. ಹಾಡು ಯಾರದು ಎಂದು ಸಾರ್ಜೆಂಟ್ ಕೇಳಿದ್ದಕ್ಕೆ, ತನ್ನದೇ ಒಂದು ಚಿಕ್ಕ ಪ್ರಯತ್ನ ಎಂದು ನಾಚಿಕೊಂಡ. ಅವನ ಹಿಂದಿನ ಪ್ರಯತ್ನಗಳನ್ನು ನಾನು ಕೇಳಿದ್ದೇನೆ. ತೆಂಗಿನಕಾಯಿ, ಸೂರ್ಯಾಸ್ತ, ಮತ್ತೆ ತೆಂಗಿನಕಾಯಿ.

ವಾಪಸು ಬರುವಾಗ ನಾನು ಸೆರುವನ್ನು ಯಾವಾಗ ಹಿಡಿಯೋಣ ಎಂದು ಕೇಳಿದೆ.

"ಸೆರು ಚಾಪೆಯಿಂದ ಎದ್ದು ಸ್ಕ್ರೂ ಬಿಚ್ಚುವಷ್ಟು ಶ್ರಮ ಪಡ್ತಾನೆ ಅಂತ ನಿನಗೆ ಅನ್ಸುತ್ತಾ?" ಎಂದರು ಸಾರ್ಜೆಂಟ್.

* * *

ಮರುದಿನ ಬೆಳಿಗ್ಗೆ ನಾಮುಲೋದ ಸಭಾಮನೆಯಲ್ಲಿ ಎಲ್ಲರನ್ನೂ ಕೂರಿಸಿದೆ. ಲೋಸೆನಾ, ಸೆರು, ರಾಜನೀಲ್, ಇನೋಕೆ. ಕರೆಯದಿದ್ದರೂ ಉನಾಯ್ಸಿ ಮುದುಕಿ ತನ್ನೂರಿನ ಹತ್ತು ಹೆಂಗಸರನ್ನು ಕಟ್ಟಿಕೊಂಡು ಬಂದಳು. ನಾಮುಲೋದವರಂತೂ ಮಕ್ಕಳು ಮರಿ ಸಮೇತ ಇದ್ದರು. ಪೊಲೀಸರ ವಿಚಾರಣೆ ಎಂದರೆ ಇಲ್ಲಿ ಉಚಿತ ಸಿನಿಮಾ.

"ಲ್ಯಾಪ್‌ಟಾಪು ಮೂರು ಜನರ ಕೈ ದಾಟಿದೆ" ಎಂದರು ಸಾರ್ಜೆಂಟ್. "ಮೂವರಲ್ಲಿ ಒಬ್ಬ ಜೀವ ಇರೋ ಡಿಸ್ಕು ತೆಗೆದು, ಸತ್ತ ಡಿಸ್ಕು ಹಾಕಿದಾನೆ. ತಮ್ಮ ತೆಗೆದಿದ್ರೆ ಅವನು ಕಳ್ಳ, ಜೈಲು. ಅಂಗಡಿಯೋನು ತೆಗೆದಿದ್ರೆ ಅವನು ಕಳ್ಳ, ಜೈಲು. ತೌವು ಒಯ್ದಿದ್ರೆ..." ಎಂದು ಭುಜ ಹಾರಿಸಿದರು. "ಅದರಲ್ಲಿ ಕಳವೇ ಇಲ್ಲ. ನಾನು ಫೈಲು ಮುಚ್ಚಿ ಮನೆಗೆ ಹೋಗ್ತೀನಿ. ಯಾರೂ ಬಾಯಿ ಬಿಡದಿದ್ರೆ ಈಗಲೇ ಸಾಮಿ ಮೂರೂ ಕಡೆ ಹುಡುಕ್ತಾನೆ. ಸೆರು ಮನೆ, ಅಂಗಡಿ, ಹೋಟೆಲಿನ ಕೋಣೆ. ಸಿಕ್ಕಿದ ಕಡೆ ಬೇಡಿ."

ನಾನು ಎದ್ದು ನಿಂತೆ. ಠಾಣೆಯ ವ್ಯಾನಿನ ಕೀಲಿ ತೆಗೆದೆ.

ಇನೋಕೆ ಇದ್ದಕ್ಕಿದ್ದಂತೆ ನಕ್ಕ. ತೊಡೆ ತಟ್ಟಿಕೊಂಡು ನಕ್ಕ.

"ಸರಿ, ಸರಿ, ಸಿಕ್ಕಿಬಿದ್ದೆ. ನಾನೇ ಒಯ್ದೆ. ಏನೇ ಲೋಸೆನಾ, ಕಾಗೆಮುಖದೋಳೆ, ಏನ್ ಮಾಡ್ತೀಯ? ನಾನು ನಿನ್ನ ತೌವು. ನಿಮ್ಮಪ್ಪನ ಡಿಸ್ಕು ನಂಗೆ ಬೇಕಿತ್ತು, ತಗೊಂಡೆ."

ಸಭೆಯಲ್ಲಿ ಕೆಲವರು ನಕ್ಕರು. ಮುಗಿಯಿತು ಎಂದುಕೊಂಡು ಸೆರು ಬಟ್ಟಲಿನ ಕಡೆ ಕೈ ಚಾಚಿದ. ಸಾರ್ಜೆಂಟ್ ನಗಲಿಲ್ಲ.

"ಈಗ ಬಂತು ನೋಡಿ ಬೈಗುಳ" ಎಂದರು. "ಒಂದು ದಿನ ತಡವಾಗಿ."

ನಗು ನಿಂತಿತು.

"ನಿನ್ನೆ ಇದೇ ಊರಿಗೆ ವಾಯ್ತಂಬದೋರು ಇಬ್ಬರು ಬಂದ್ರು. ಮೊದಲು ಈ ಮುದುಕಿ. ಬಾಗಿಲಲ್ಲೇ ಬೈದಳು, ಸತ್ತೋನನ್ನೂ ಬಿಡಲಿಲ್ಲ, ಎಲ್ಲರ ಎದುರೇ ಕೆಟಲ್ ಎತ್ಕೊಂಡು ಹೋದಳು. ಅದು ತೌವು. ಆಮೇಲೆ ಇವನು. ಚಪ್ಪಲಿ ಬಿಟ್ಟ. ಬಗ್ಗಿದ. ಬಿಸ್ಕತ್ತು ತಂದ. ತಾವು ಅಂದ. ತಮ್ಮ ತಂದೆಯವರು ಅಂದ. ಹುಟ್ಟಿದಾಗಿಂದ ಈ ಹುಡುಗಿಯನ್ನ ಕಾಗೆ ಗೂಬೆ ಅಂತ ಕರೆದೋನ ಬಾಯಲ್ಲಿ ತಾವು ಯಾಕೆ ಬಂತು? ಮೈಮೇಲೆ ತಪ್ಪು ಇದ್ದೋನಿಗೆ ತಮಾಷೆ ಬರಲ್ಲ ಕಣ್ರೀ. ಹೆದರಿದಾಗ ಮರ್ಯಾದೆ ಬರುತ್ತೆ."

ತೌವು ಆದವನು ತಾವು ಎಂದಿದ್ದ. ಸಭ್ಯತೆ ಎಂದು ನಾನು ಮೆಚ್ಚಿದ್ದು ಅದನ್ನೇ.

"ಹೆದರಿಕೆ ಯಾಕೆ? ನನಗೆ ಒಯ್ಯೋ ಹಕ್ಕಿದೆ" ಎಂದ ಇನೋಕೆ. ಧ್ವನಿ ಸಣ್ಣಗಾಗಿತ್ತು.

"ಇತ್ತು. ಅದೇ ನಿನ್ನ ದಡ್ಡತನ. ಎಲ್ಲರ ಎದುರು ಡಿಸ್ಕು ಕಿತ್ಕೊಂಡು ಹೋಗಿದ್ರೆ ಲೋಸೆನಾ ಒಂದು ಮಾತು ಆಡೋ ಹಾಗಿರಲಿಲ್ಲ. ಆದ್ರೆ ಆಗ ಹಾಡು ಎರೋನಿಯದು ಅಂತ ಊರಿಗೆಲ್ಲ ಗೊತ್ತಾಗ್ತಿತ್ತು. ನಿನಗೆ ಡಿಸ್ಕು ಬೇಕಿರಲಿಲ್ಲ, ಹೆಸರು ಬೇಕಿತ್ತು. ಅದಕ್ಕೇ ಊಟದ ಚಾಕುವಿನಲ್ಲಿ ಸ್ಕ್ರೂ ಬಿಚ್ಚಿದೆ. ಹೋಟೆಲಿನ ಯಾವುದೋ ಸತ್ತ ಡಿಸ್ಕು ತುರುಕಿದೆ. ಅಂಗಡಿಯೋನ ಬಾಯಲ್ಲೇ ಸತ್ತಿದೆ ಅಂತ ಹೇಳಿಸಿದೆ. ತೌವು ಬಚ್ಚಿಡಲ್ಲ, ತೌವು ಬದಲಿ ಇಡಲ್ಲ. ಹುಟ್ಟಿನಿಂದ ಬಾಗಿಲು ತೆರೆದಿದ್ದ ಮನೆಗೆ ಕನ್ನ ಹಾಕಿದೋನು ನೀನೊಬ್ಬನೇ."

ಉನಾಯ್ಸಿ ಮುದುಕಿ ಅವನ ಕಡೆ ತಿರುಗಿ ಉಗುಳಿದಳು. ಅದು ತೌವು ತಮಾಷೆಯಲ್ಲ, ನಿಜವಾದ ಹೇಸಿಗೆ. ಅವನು ಅವಳದೇ ಊರಿನವನು.

* * *

ಡಿಸ್ಕು ಹೋಟೆಲಿನ ಅವನ ಕೋಣೆಯಲ್ಲೇ ಇತ್ತು, ಅವನ ಕಂಪ್ಯೂಟರಿಗೆ ತಂತಿ ಸಿಕ್ಕಿಸಿಕೊಂಡು. ಪಕ್ಕಕ್ಕೆ ತೊಗಟೆಬಟ್ಟೆಯ ಚೂರು ಇನ್ನೂ ಅಂಟಿತ್ತು. ಟಿಕ್ ಟಿಕ್ ಎನ್ನುತ್ತಿತ್ತು, ಈಗ ಇನ್ನೂ ಜೋರಾಗಿ. ಹಾಡು ಕಲಿಯಲು ಆ ಮಹಾಶಯ ಸಾಯುತ್ತಿರುವ ಡಿಸ್ಕನ್ನು ಹಗಲು ರಾತ್ರಿ ದುಡಿಸಿದ್ದ. ತನ್ನ ಕಂಪ್ಯೂಟರಿಗೆ ಒಂದು ಪ್ರತಿ ಇಳಿಸಿಕೊಳ್ಳುವ ಬುದ್ಧಿಯೂ ಅವನಿಗೆ ಬಂದಿರಲಿಲ್ಲ. ಕದ್ದ ಮಾಲನ್ನು ನೋಡಿಕೊಳ್ಳಲು ಬಾರದ ಕಳ್ಳರ ಬಗ್ಗೆ ನನಗೆ ಬೇರೆಯೇ ತಿರಸ್ಕಾರ.

ಸಭಾಮನೆಗೇ ತಂದೆವು. ರಾಜನೀಲ್ ಬೆವರುತ್ತ ತನ್ನ ಯಂತ್ರ ಹೂಡಿದ. ಈ ಸಲ ಬಡಾಯಿ ಇರಲಿಲ್ಲ. ಹಾಡು ತುಣುಕು ತುಣುಕಾಗಿ ಹೊಸ ಡಿಸ್ಕಿಗೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಹಳೆಯದು ಒಮ್ಮೆ ಕೀರಲು ಸದ್ದು ಮಾಡಿ ನಿಂತಿತು. ಎಷ್ಟು ಸಲ ಕರೆಂಟು ಕೊಟ್ಟರೂ ಏಳಲಿಲ್ಲ.

ಇಳಿದಷ್ಟನ್ನು ಹಾಕಿದ. ಎರೋನಿಯ ಒಡಕು ಕಂಠ ಸಭಾಮನೆ ತುಂಬಿತು. ನಾಲ್ಕು ನುಡಿ ಬಂತು: ಸಮುದ್ರ, ಹೆಂಡತಿ, ಶಾಲೆಗೆ ಹೋಗುವ ಮಗಳು, ಚಾಪೆ ಬಿಟ್ಟೇಳದ ಮಗ. ಸೆರು ತಲೆ ಬಗ್ಗಿಸಿ ಅತ್ತ. ಐದನೆಯದು ಶುರುವಾಗುವ ಉಸಿರು ಕೇಳಿತು. ಅಷ್ಟೇ. ಮುಂದೆ ಬರೀ ಗರಗರ.

"ಇನ್ನೊಂದು ನುಡಿ ಇದೆ. ಆದರೆ ಓದೋಕೆ ಆಗಲಿಲ್ಲ. ಇನ್ನು ಆಗೋದೂ ಇಲ್ಲ" ಎಂದ ರಾಜನೀಲ್.

ಲೋಸೆನಾ ಎದ್ದು ಇನೋಕೆಯ ಮುಂದೆ ಹೋಗಿ ಕೂತಳು.

"ನೀನು ಪೂರ್ತಿ ಕೇಳಿದೀಯ."

"ಇಲ್ಲ. ನಾಲ್ಕೇ ಇದ್ದಿದ್ದು. ನಮ್ಮ ತಂಡ ನಾಲ್ಕೇ ಕಲಿತದ್ದು, ಬೇಕಾದ್ರೆ ಅವರನ್ನ ಕೇಳಿ."

"ತಂಡಕ್ಕೆ ನಾಲ್ಕು ಕಲಿಸಿದೆ" ಎಂದರು ಸಾರ್ಜೆಂಟ್. "ಐದನೇದನ್ನ ಕತ್ತರಿಸಿದೆ. ಯಾಕೆ ಅಂತ ಈಗ ನಮಗೂ ಕೇಳ್ಬೇಕು. ಹಾಡು, ಇಲ್ಲಾಂದ್ರೆ ಹಾಡನ್ನ ನಾಶ ಮಾಡಿದ್ದಕ್ಕೆ ಇನ್ನೊಂದು ಕೇಸು."

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ನಾನಿದ್ದೆ. ತನ್ನೂರಿನ ಹೆಂಗಸರ ಕಡೆ ನೋಡಿದ. ಅವರು ಕೈಕಟ್ಟಿ ಕೂತಿದ್ದರು. ಡಿಸ್ಕು ಸತ್ತಿತ್ತು. ಎರೋನಿಯ ಕೊನೆಯ ನುಡಿ ಇಡೀ ಲೋಕದಲ್ಲಿ ಇದ್ದದ್ದು ಈ ಇಸ್ತ್ರಿ ಅಂಗಿಯವನ ತಲೆಯಲ್ಲಿ ಮಾತ್ರ.

ಇನೋಕೆ ಕಣ್ಣು ಮುಚ್ಚಿ ಹಾಡಿದ. ಧ್ವನಿ ಚೆನ್ನಾಗಿಯೇ ಇತ್ತು, ದರಿದ್ರದವನದು.

"ವಾಯ್ತಂಬದ ದೋಣಿ ಬರುತಿದೆ, ಹುಟ್ಟು ಮನೆಯಲೆ ಮರೆತಿದೆ,
ಬಲೆಯನು ನಮ್ಮಲಿ ಬೇಡಿದೆ, ಮೀನನು ನಮ್ಮಲಿ ಬೇಡಿದೆ.
ನಾ ಸತ್ತೆನೆಂದು ಅಳಬಂದಿದೆ,
ಕಣ್ಣೀರೂ ನಮ್ಮಲಿ ಬೇಡಿದೆ."

ಮೊದಲು ನಕ್ಕದ್ದು ಉನಾಯ್ಸಿ. ಬಿದ್ದು ಬಿದ್ದು ನಕ್ಕಳು, ಪಕ್ಕದವಳ ಬೆನ್ನಿಗೆ ಗುದ್ದಿದಳು, ಸತ್ತರೂ ಬಿಡಲಿಲ್ಲವಲ್ಲೋ ಮುದಿ ಕಾಗೆ ಎಂದು ಸೂರಿನ ಕಡೆ ಮುಖ ಮಾಡಿ ಬೈದಳು, ಬೈಯುತ್ತ ಅತ್ತಳು. ವಾಯ್ತಂಬದ ಹೆಂಗಸರೆಲ್ಲ ನಕ್ಕು ಅತ್ತರು. ತಮ್ಮ ತೌವು ತಮಗಾಗಿ ಬಿಟ್ಟುಹೋದ ಬೈಗುಳ ಅದು. ಹೆಸರಿಗಾಗಿ ಇನೋಕೆ ಅದನ್ನೇ ಕತ್ತರಿಸಿ ಎಸೆದಿದ್ದ. ತನ್ನೂರನ್ನು ತಾನೇ ಹಂಗಿಸುವ ಹಾಡನ್ನು ತನ್ನದೆಂದು ಹೇಗೆ ಹೇಳಿಕೊಂಡಾನು?

ಲೋಸೆನಾ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ಅಳುವೇ ಆಯಿತು. ಸೆರು ಹೋಗಿ ಅಕ್ಕನ ಪಕ್ಕ ಕೂತ. ಅವಳು ಮುಖ ಒರೆಸಿಕೊಂಡು, ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡು ಎಂದು ರಾಜನೀಲ್‌ಗೆ ಹೇಳಿದಳು.

"ಇನ್ನೊಂದ್ಸಲ ಹಾಡು. ನಿಧಾನಕ್ಕೆ. 'ಬೇಡಿದೆ' ಅನ್ನೋವಾಗ ಅಪ್ಪ ಹೇಗೆ ಎಳೀತಿದ್ರೋ ಹಾಗೇ ಎಳಿ."

ಇನೋಕೆ ಹಾಡಿದ. ಸಾಲದು ಎಂದಳು. ಮತ್ತೆ ಹಾಡಿದ. ಹೆಂಗಸರು ಚಪ್ಪಾಳೆಯ ತಾಳ ಹಿಡಿದರು, ಮಕ್ಕಳು ದನಿ ಸೇರಿಸಿದರು, ವಾಯ್ತಂಬದವರೇ ಎಲ್ಲರಿಗಿಂತ ಜೋರಾಗಿ ಹಾಡಿದರು. ನಾನು ಬೇಡಿ ತೆಗೆದೆ. ಸಾರ್ಜೆಂಟ್ ತಡಿ ಎಂದರು. ಊರಿನ ಕೊನೆಯ ಮಗುವಿಗೂ ಬಾಯಿಪಾಠ ಆಗುವವರೆಗೆ ನಾವು ಅವನನ್ನು ಕರೆದೊಯ್ಯಲಿಲ್ಲ.